ಒಂಬತ್ತನೆಯ ಕಲಮು ಮತ್ತು ನಾನು

ಐರ್ಲೆಂಡಿನಲ್ಲಿ ಒಗೆದ ಬಟ್ಟೆ ಒಣಗುತ್ತದೆ ಎನ್ನುವುದು ಅನುಭವದ ಮಾತಲ್ಲ, ಶ್ರದ್ಧೆಯ ಮಾತು. ಡಬ್ಲಿನ್ ಅಂಚಿನ ಬ್ಲಾಂಚರ್ಡ್ಸ್‌ಟೌನಿನ ನಮ್ಮ ಬಾಡಿಗೆ ಮನೆಯಲ್ಲಿ, ಕಿಟಕಿಯ ಕೆಳಗಿನ ರೇಡಿಯೇಟರಿನ ಮೇಲೆ ನನ್ನ ಸಮವಸ್ತ್ರದ ಬಿಳಿ ಅಂಗಿಗಳು, ಹೆಗಲಿನ ಚಿನ್ನದ ಪಟ್ಟಿಗಳನ್ನು ಕಳೆದುಕೊಂಡು, ನಿವೃತ್ತ ಅಧಿಕಾರಿಗಳಂತೆ ತೋಳು ಇಳಿಬಿಟ್ಟು ದಿನಗಟ್ಟಲೆ ಕೂತಿರುತ್ತವೆ. ನಾನು ವಿಮಾನದ ಕೋ-ಪೈಲಟ್. ದಿನವೂ ಮೋಡ ಸೀಳಿ ಮೇಲೇರಿ ಕಣ್ಣು ಕುಕ್ಕುವ ಬಿಸಿಲು ಕಂಡು ಬರುವವನು. ಅದರಲ್ಲಿ ಒಂದು ಹಿಡಿಯನ್ನಾದರೂ ಮನೆಗೆ ತರಲಾರದವನು. ಆ ತೇವದ ಅಂಗಿಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಾನೊಂದು ಒಪ್ಪಂದದ ಕರಡನ್ನು ಓದುತ್ತಿದ್ದ ವಾರದ ಕಥೆಯನ್ನು ನಿಮಗೆ ಹೇಳಬೇಕು. ಹೇಳಿದರೆ ನನ್ನ ಮಾನ ಹೋಗುತ್ತದೆ, ನಿಜ. ಆದರೆ ಮಾನ ಹೋದ ಕಥೆಗಳನ್ನು ಸ್ನೇಹಿತರ ಮುಂದಲ್ಲದೆ ಮತ್ತೆಲ್ಲಿ ಹೇಳಿಕೊಳ್ಳಲಿ?

ವಿಮಾನ ಓಡಿಸುವವರ ಬದುಕಿನಲ್ಲಿ 'ಬೇಸ್' ಎಂದರೆ ಕೆಲಸ ಶುರುವಾಗುವ, ಕೊನೆಗೆ ಮರಳಿ ಬಂದಿಳಿಯುವ ವಿಮಾನ ನಿಲ್ದಾಣ. ಮನೆ, ಮಗುವಿನ ಶಾಲೆ, ಅಕ್ಕಿ ತರುವ ಅಂಗಡಿ ಎಲ್ಲವೂ ಅದರ ಆಸುಪಾಸಿನಲ್ಲೇ ಬೆಳೆಯುತ್ತವೆ. ನಮ್ಮ ಬೇಸ್ ಡಬ್ಲಿನ್. ಕಂಪನಿ ಈಗ ಸ್ಪೇನಿನ ಮಾಲಗಾದಲ್ಲಿ ಹೊಸ ಬೇಸ್ ತೆರೆಯಲು ಹೊರಟಿತ್ತು. ಯೂನಿಯನ್ನಿನವರು ತಿಂಗಳುಗಟ್ಟಲೆ ಜಗ್ಗಾಡಿ ಒಂದು ಒಪ್ಪಂದ ಮಾಡಿಕೊಂಡು ಬಂದಿದ್ದರು. ಅದು ಬೇಕೋ ಬೇಡವೋ ಎಂದು ನಾವು ಪೈಲಟ್‌ಗಳು ವೋಟು ಹಾಕಬೇಕಿತ್ತು. ಮೊದಲು ಇಷ್ಟವಿದ್ದವರು ಹೋಗಬಹುದು. ಅವರು ಸಾಲದೆ ಹೋದರೆ, ಒಂಬತ್ತನೆಯ ಕಲಮಿನ ಪ್ರಕಾರ, ಸೀನಿಯಾರಿಟಿ ಪಟ್ಟಿಯ ತಳದಿಂದ ಒಬ್ಬೊಬ್ಬರನ್ನೇ ಎತ್ತಿ ಎರಡು ವರ್ಷದ ಮಟ್ಟಿಗೆ ಕಳಿಸಬಹುದು. ಆ ಪಟ್ಟಿಯ ತಳ ನನಗೆ ಚೆನ್ನಾಗಿ ಗೊತ್ತು. ನಾನು ವಾಸವಾಗಿರುವುದೇ ಅಲ್ಲಿ.

ಒಂಬತ್ತನೆಯ ಕಲಮು ನನ್ನೊಳಗಿನ ವಾಗ್ಮಿಯನ್ನು ಎಬ್ಬಿಸಿತು. ಅವನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಪಡೆದು ಮಲಗಿದವನು, ಇಪ್ಪತ್ತು ವರ್ಷ ಎದ್ದಿರಲಿಲ್ಲ. ಆ ವಾರವೆಲ್ಲ ಕರಡಿನ ಅಂಚಿನಲ್ಲಿ ಕೆಂಪು ಗೆರೆ ಎಳೆಯುತ್ತ, ಬಚ್ಚಲಲ್ಲಿ ಬಾಯಿಪಾಠ ಮಾಡಿ, ಭಾನುವಾರ ಮಧ್ಯಾಹ್ನ ವಿಮಾನ ನಿಲ್ದಾಣದ ಬಳಿಯ ಹೋಟೆಲಿನ ಸಭೆಗೆ ಹೋದೆ. ಮೈಕು ಕೈಗೆ ಬಂದ ಮೇಲೆ ಬಿಡಲಿಲ್ಲ. ಮನುಷ್ಯ ಸಾಮಾನಲ್ಲ, ವಿಳಾಸ ಅಂಟಿಸಿ ಕಳಿಸಲು, ಎಂದೆ. ಬೆಂಗಳೂರಿನಿಂದ ಒಮ್ಮೆ ಬೇರು ಕಿತ್ತು ಬಂದವರು ನಾವು, ಇನ್ನೊಮ್ಮೆ ಕಿತ್ತರೆ ಚಿಗುರುವುದಿಲ್ಲ, ಎಂದೆ. ಮಾಲಗಾ ಎಂಬ ಹೆಸರು ಕೇಳಿದರೇ ನನ್ನ ಹೆಂಡತಿ ಕಣ್ಣೀರು ಹಾಕುತ್ತಾಳೆ, ಮಗಳು ಊಟ ಬಿಡುತ್ತಾಳೆ ಎಂದೆ. ಒಪ್ಪಿಗೆ ಕೇಳದೆ ಯಾರನ್ನೂ ಕದಲಿಸಬಾರದು ಎಂದು ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹಿರಿಯ ಪೈಲಟ್‌ಗಳಂತೂ ಎದ್ದು ನಿಂತರು.

ಚಹಾದ ಮೇಜಿನ ಹತ್ತಿರ ಕ್ಯಾಪ್ಟನ್ ಡರ್ಮಟ್ ಸಿಕ್ಕಿದರು. ಯೂನಿಯನ್ನಿನ ಪರವಾಗಿ ಮಾತುಕತೆಗೆ ಕೂತಿದ್ದವರು ಅವರೇ, ಮೃದುಮಾತಿನ ಮನುಷ್ಯ.

"ಮಾತು ಚೆನ್ನಾಗಿತ್ತು," ಎಂದರು. "ಇದನ್ನೆಲ್ಲ ನಿನ್ನ ಹೆಂಡತಿ ಹೇಳಿದಳಾ?"

"ಅವಳು ಹೇಳಬೇಕಾ? ನನಗೆ ಗೊತ್ತು."

"ಅವಳಿಗೆ ಗೊತ್ತಾ?" ಎಂದು ಕೇಳಿ ಚಹಾ ಕಲಕಿದರು. ಆಮೇಲೆ, "ಈ ಒಪ್ಪಂದ ಬಿದ್ದರೆ ಕಂಪನಿ ಮಾಲಗಾವನ್ನು ಬಿಡುವುದಿಲ್ಲ. ಎರಡೇ ವರ್ಷ ಅನ್ನುವ ಮಿತಿಯನ್ನು ಬಿಡುತ್ತದೆ, ಅಷ್ಟೆ. ಯೋಚನೆ ಮಾಡು," ಎಂದರು.

ಯೋಚನೆ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಚಪ್ಪಾಳೆ ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಮನೆಗೆ ಬಂದವನೇ ಅಡುಗೆಮನೆಯಲ್ಲಿ ನಿಂತು, ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿ ಸುಮಾಳ ಎದುರು, ಕಣ್ಣೀರು ಉಪವಾಸಗಳ ಸಮೇತ, ಇಡೀ ಭಾಷಣವನ್ನು ಇನ್ನೊಮ್ಮೆ ಮಾಡಿದೆ. ಮೊದಲ ಪ್ರತಿಕ್ರಿಯೆ ಹನ್ನೊಂದು ವರ್ಷದ ಮಗಳು ಧೃತಿಯಿಂದ ಬಂತು. ಅಲ್ಲಿ ಬೀಚ್ ಇರುವುದು ನಿಜವಾದರೆ ತಾನು ನಾಳೆಯೇ ಹೊರಡಲು ತಯಾರು ಎಂದು ಅಚ್ಚ ಡಬ್ಲಿನ್ ಧಾಟಿಯ ಇಂಗ್ಲಿಷಿನಲ್ಲಿ ಹೇಳಿ, ತಟ್ಟೆಗೆ ಇನ್ನೊಂದು ಚಪಾತಿ ಹಾಕಿಕೊಂಡಳು.

ಸುಮಾ ಚಾಕು ಕೆಳಗಿಟ್ಟಳು. "ನಾನ್ ಯಾವಾಗ್ರೀ ಅತ್ತಿದ್ದು?"

"ಅದು... ಸಭೆಯಲ್ಲಿ ಹಾಗೆ ಹೇಳ್ಬೇಕಾಗತ್ತೆ."

"ಒಪ್ಪಿಗೆ ಕೇಳ್ದೆ ಯಾರನ್ನೂ ಕದಲಿಸ್ಬಾರ್ದು ಅಂದ್ರಲ್ಲ, ಅದು ಮಾತ್ರ ಚೆನ್ನಾಗಿತ್ತು. ಬೆಂಗಳೂರು ಬಿಡೋವಾಗ ನಮ್ಮನೇಲಿ ಯಾವ ಯೂನಿಯನ್ ಇತ್ತು? ನೀವು ಇಲ್ಲಿನ ಆಫರಿಗೆ ಸೈನ್ ಮಾಡಿ, ಆಮೇಲೆ ಸ್ವೀಟ್ ಬಾಕ್ಸ್ ತಂದ್ರಿ. ನಾನು ಕಾಲೇಜಲ್ಲಿ ಮೈಕ್ರೋಬಯಾಲಜಿ ಪಾಠ ಮಾಡ್ಕೊಂಡಿದ್ದೆ. ಅದನ್ನ ಏನ್ ಮಾಡೋಣ ಅಂತ ಒಂದ್ ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಅವಳು ಮತ್ತೆ ಪರೀಕ್ಷೆ ಕಟ್ಟಿ, ಎರಡು ವರ್ಷ ಅರ್ಜಿ ಹಾಕಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ತೀರ ಕೆಳಗಿನ ಕೆಲಸಕ್ಕೆ ಸೇರಿದ್ದಳು. ಅದನ್ನು ನಾನು 'ಹೊಂದಿಕೊಂಡಳು' ಎಂಬ ಒಂದೇ ಪದದಲ್ಲಿ ಮಡಿಸಿ ಇಟ್ಟಿದ್ದೆ.

"ಮಂಗಳವಾರ ನಿಮಗೊಂದು ವಿಷ್ಯ ಹೇಳಿದ್ದೆ. ನೆನಪಿದ್ಯಾ?"

ಮಂಗಳವಾರ ನಾನು ಒಂಬತ್ತನೆಯ ಕಲಮಿನ ಮೂರನೆಯ ಉಪಕಲಮಿನಲ್ಲಿದ್ದೆ.

"ನಮ್ ವಿಭಾಗಕ್ಕೆ ನನ್ನನ್ನೇ ಹೆಡ್ ಮಾಡಿದಾರೆ ಅಂದೆ. ನೀವು ತಲೆ ಎತ್ತದೇ, ಇಲ್ಲಿಯವರು ಎಲ್ಲದಕ್ಕೂ ಅಂತಾರಲ್ಲ ಹಾಗೆ, 'ಗ್ರ್ಯಾಂಡ್, ಗ್ರ್ಯಾಂಡ್' ಅಂದ್ರಿ."

ಓದುಗ ಮಿತ್ರರೇ, ಎಂಜಿನ್ ನಿಂತರೆ ಏನು ಮಾಡಬೇಕೆಂದು ನನಗೆ ಆರು ತಿಂಗಳಿಗೊಮ್ಮೆ ತರಬೇತಿ ಕೊಡುತ್ತಾರೆ. ಇದಕ್ಕೆ ಯಾರೂ ಕೊಟ್ಟಿರಲಿಲ್ಲ. "ಕ್ಷಮಿಸು," ಎಂದೆ. ಅದು ಸಣ್ಣದಾಯಿತು ಎಂದು ನನಗೇ ತಿಳಿಯಿತು. "ಹಾಗಾದ್ರೆ ವೋಟು ಹೇಗೆ ಹಾಕ್ಲಿ?" ಎಂದೆ, ಅದು ಇನ್ನೂ ಸಣ್ಣದಾಯಿತು.

"ಅದು ನಿಮ್ ಕೆಲಸ, ನೀವೇ ಯೋಚ್ನೆ ಮಾಡಿ. ಕಳಿಸಿದ್ರೆ ಹೋಗ್ಬನ್ನಿ. ರಜಕ್ಕೆ ಧೃತಿನ ಕರ್ಕೊಂಡು ಬರ್ತೀನಿ. ನಾನಂತೂ ಇಲ್ಲಿಂದ ಏಳಲ್ಲ. ಈ ಸಲ ನನ್ ಬೇಸ್ ಇದು." ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಪಾರಾಗುತ್ತಿದ್ದೆನೇನೋ.

ಆ ಸಂಜೆ ನನ್ನನ್ನು ನಾನೇ ಪಾಟೀಸವಾಲಿಗೆ ಒಳಪಡಿಸಿಕೊಂಡೆ. ಮಾಲಗಾ ಎಂದರೆ ಹೆದರಿದ್ದವರು ಯಾರು? ಹೆಂಡತಿಯಲ್ಲ, ಮಗಳಲ್ಲ. ಒಬ್ಬನೇ ಕೋಣೆಯಲ್ಲಿ ಕುಕ್ಕರಿನ ಸೀಟಿ ಎಣಿಸುವ ಕಲ್ಪನೆಗೇ ಬೆವೆತ ಒಬ್ಬ ಗಂಡಸು, ತನ್ನ ಅಳುಕನ್ನು ಮನೆಯವರ ಕಣ್ಣಿಂದ ಸುರಿಸಿ ಚಪ್ಪಾಳೆ ಗಿಟ್ಟಿಸಿದ್ದ. ಸಂಸಾರವೂ ಒಂದು ಒಪ್ಪಂದವೇ. ಅದನ್ನು ಯಾರೂ ಅಚ್ಚು ಹಾಕಿಸುವುದಿಲ್ಲವಾದ್ದರಿಂದ, ಬಾಯಿ ಜೋರಿದ್ದವನು ತನಗೆ ಬೇಕಾದ ಕಲಮುಗಳನ್ನು ಬರೆದುಕೊಳ್ಳುತ್ತ ಹೋಗುತ್ತಾನೆ. ಇನ್ನೊಬ್ಬರ ಮೌನವನ್ನು ಸಹಿ ಎಂದು ತಿಳಿಯುತ್ತಾನೆ. ಕಂಪನಿಯಾದರೂ ವಾಸಿ. ಕಳಿಸುವ ಮುಂಚೆ ಕಾಗದದಲ್ಲಿ ಬರೆದು ತೋರಿಸಿತ್ತು.

ಡರ್ಮಟ್ ಹೇಳಿದ್ದು ಸರಿ ಎನಿಸಿ, ಫೋನಿನಲ್ಲಿ 'ಹೌದು' ಎಂದೇ ವೋಟು ಒತ್ತಿದೆ. ನನ್ನ ಭಾಷಣವಿದ್ದರೂ ಒಪ್ಪಂದ ಗೆದ್ದಿತು. ಹುತಾತ್ಮನಾಗಲು ಸೂಟ್‌ಕೇಸು ಇಳಿಸಿ ಧೂಳು ಕೊಡವಿಯೂ ಇಟ್ಟಿದ್ದೆ. ಅಷ್ಟರಲ್ಲಿ, ಎದ್ದು ನಿಂತು ಚಪ್ಪಾಳೆ ತಟ್ಟಿದ್ದ ಹಿರಿಯರೆಲ್ಲ ಬಿಸಿಲಿಗೆ ಆಸೆಪಟ್ಟು ತಾವೇ ಅರ್ಜಿ ಹಾಕಿದರು. ಪಟ್ಟಿಯ ತಳವನ್ನು ಯಾರೂ ಕೆದಕಲಿಲ್ಲ.

ಮುಂದಿನ ಶುಕ್ರವಾರ ಸುಮಾಳ ಲ್ಯಾಬಿನಲ್ಲಿ ಅವಳಿಗಾಗಿ ಸಣ್ಣದೊಂದು ಚಹಾಕೂಟ. ನನ್ನನ್ನೂ ಕರೆದಿದ್ದರು. ಕೇಕು ಹಂಚುತ್ತಿದ್ದ ವಯಸ್ಸಾದ ಐರಿಷ್ ಹೆಂಗಸೊಬ್ಬರು, ನೀವೇನು ಮಾಡುತ್ತೀರಿ ಎಂದು ಕೇಳಿದರು. ಪೈಲಟ್ ಎಂದೆ, ಸಾಮಾನ್ಯವಾಗಿ ಇದಾದ ಮೇಲೆ ಬರುವ ಬೆರಗಿಗಾಗಿ ಕಾದೆ.

"ಅಯ್ಯೋ, ಹಾಗಾದರೆ ಮನೆ, ಮಗು, ಓದು ಎಲ್ಲ ಅವಳೊಬ್ಬಳೇ ನೋಡಿಕೊಂಡಿರಬೇಕು ಪಾಪ," ಎಂದರು ಆಕೆ.

"ಹೌದು," ಎಂದೆ. ವಿವರಣೆ ಕೊಡಲಿಲ್ಲ.

ಅಷ್ಟರಲ್ಲಿ ಕೋಣೆಯ ಆ ತುದಿಯಲ್ಲಿ ಸುಮಾ, ಹೊಸದಾಗಿ ಸೇರಿದ ಇಬ್ಬರಿಗೆ ಸೂಕ್ಷ್ಮಜೀವಿ ಬೆಳೆಸುವ ಒಂದು ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು ಏನನ್ನೋ ಬಿಡಿಸಿ ಹೇಳತೊಡಗಿದಳು. ಪಾಠದ ದನಿ. ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವ ದನಿ. ನಾನು ಗೋಡೆಗೊರಗಿ ನಿಂತುಕೊಂಡೆ. ಅವಳು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನನಗೆ ಅರ್ಥವಾಗಲಿಲ್ಲ. ಆದರೂ ಕೊನೆಯ ಮಾತಿನವರೆಗೆ ಕೇಳಿದೆ.