ಕಂಬದ ನರ್ತಕಿಗೆ ಕ್ಯೂಆರ್ ಕೋಡ್

ಗೆಳೆಯರೇ, ಶನಿವಾರಸಂತೆ ಕಡೆಯ ನಮ್ಮೂರ ಈಶ್ವರನ ಗುಡಿಯ ಹಳೇ ಕೆತ್ತನೆಗಳ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದ್ದೆನಲ್ಲ, ಅದನ್ನು ಎಲ್ಲರೂ ಸ್ಕ್ಯಾನ್ ಮಾಡಿ ನೋಡಲಿ ಎಂದು ಗುಡಿ ಸಮಿತಿಯವರು ಇವತ್ತು ಕ್ಯೂಆರ್ ಕೋಡಿನ ಬೋರ್ಡ್ ಹಾಕಿಸಿದರು. ಎಲ್ಲಿ ಅಂದರೆ, ಗುಡಿಯ ಮುಂಭಾಗದ ಕಂಬದ ನರ್ತಕಿಯ ಮೇಲೆಯೇ, ಕಲ್ಲಿಗೆ ಡ್ರಿಲ್ ಹೊಡೆದು.

“ಅಣ್ಣಾ, ಕೆತ್ತನೆನೇ ಮುಚ್ಚೋಯ್ತಲ್ಲ” ಎಂದೆ, ಸಮಿತಿಯ ಅಧ್ಯಕ್ಷ ಬಸಪ್ಪಣ್ಣನಿಗೆ.

“ಎಲ್ಲಿ ಮುಚ್ಚೋಯ್ತು? ಸ್ಕ್ಯಾನ್ ಮಾಡು, ಬತ್ತದೆ.”

ಮಾಡಿದೆ. ಬೋರ್ಡಿನ ಹಿಂದಿದ್ದ ನರ್ತಕಿ ಮೊಬೈಲಿನಲ್ಲಿ ಬಂದಳು, ಮೈಯಲ್ಲಿ ಒಂದೂ ತೂತಿಲ್ಲದೆ.

“ನೋಡ್ದಾ, ಎಷ್ಟ್ ಕ್ಲಿಯರಾಗಿ ಕಾಣ್ತಾಳೆ. ಕಂಬದಲ್ಲಿ ಎಣ್ಣೆ ಜಿಡ್ಡಿಗೆ ಮುಖಾನೇ ಕಾಣ್ತಿರ್ಲಿಲ್ಲ.”

ಉಳಿದ ಕಂಬಗಳಿಗೂ ನಾಳೆ ಬೋರ್ಡ್ ಬೀಳುತ್ತದಂತೆ. ಗುಡಿಯನ್ನು ಕಣ್ಣಾರೆ ನೋಡಬೇಕೆನ್ನುವವರು ಇವತ್ತೇ ಬನ್ನಿ. ಆಮೇಲೆ ಬರುವವರು ಮೊಬೈಲ್ ಚಾರ್ಜ್ ಮಾಡಿಕೊಂಡು ಬನ್ನಿ.