ದೊಡ್ಡಪ್ಪನ ಬೂದಿ, ನನ್ನ ಜಿಪ್ಸಂ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಕೆಲಮಂಗಲದಿಂದ ಹೊಸೂರಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ರಸಾಯನಶಾಸ್ತ್ರ ಓದಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಏನೂ ಓದದೆ ಎಲ್ಲ ಬಲ್ಲೆ ಅನ್ನುವವರಿಗೇ ಇಲ್ಲದ ಸಂಕೋಚ ನನಗೇಕೆ?

ಅಂಥವನು ನಮ್ಮ ದೊಡ್ಡಪ್ಪ. ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕೆಲಸ, ರಜೆಯ ದಿನ ಬೇಸಾಯ. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ ಊರಿಗೆಲ್ಲ ಪಾಠ ಹೇಳುವ ಮನುಷ್ಯ.

ಬೋರ್‌ವೆಲ್ ಪಕ್ಕದ ಅರ್ಧ ಎಕರೆ ತಗ್ಗಿನಲ್ಲಿ ಅಮ್ಮ ತರಕಾರಿ ಬೆಳೆಯುತ್ತಿದ್ದಳು. ಉಪ್ಪು ನೀರು ಕುಡಿದು ಕುಡಿದು ಆ ನೆಲ ಸೌಳಾಗಿತ್ತು. ಬಿಸಿಲು ಬಿದ್ದರೆ ಮೇಲೆ ಬಿಳಿ ಪುಡಿ ಏಳುತ್ತಿತ್ತು, ನೀರು ಹಾಯಿಸಿದರೆ ಇಂಗುತ್ತಿರಲಿಲ್ಲ. ಬೀನ್ಸ್ ಎರಡೆಲೆ ಬಿಟ್ಟು ಸುಟ್ಟುಹೋಗುತ್ತಿತ್ತು.

“ಇನ್ನೊಂದ್ ಬೆಳೆ ನೋಡ್ತೀನಿ ಕಣಮ್ಮ,” ಎಂದ ದೊಡ್ಡಪ್ಪ ಅಮ್ಮನಿಗೆ. “ಬರ್ಲಿಲ್ಲಾಂದ್ರೆ ನೀಲಗಿರಿ ನೆಟ್ಬುಡ್ತೀನಿ.”

ಜಮೀನೆಲ್ಲ ದೊಡ್ಡಪ್ಪನ ಹಿಡಿತದಲ್ಲಿತ್ತು; ಅಮ್ಮನ ಕೈಗೆಂದು ಇದ್ದ ನೆಲ ಅದೊಂದೇ.

ನಾನು ಮಣ್ಣನ್ನು ಪರೀಕ್ಷೆಗೆ ಕೊಟ್ಟುಬಂದೆ. ಕ್ಷಾರ ಏರಿದೆ, ಜಿಪ್ಸಂ ಹಾಕಿ ಎಂದು ಬರೆದುಕೊಟ್ಟರು. ಮೂಟೆ ಬಿಚ್ಚಿದಾಗ ದೊಡ್ಡಪ್ಪ ಬೆರಳದ್ದಿ ನೋಡಿದ.

“ಅದೂ ಬಿಳೀ ಪುಡಿ, ಇದೂ ಬಿಳೀ ಪುಡಿ. ಉಪ್ಪಿನ್ ಮೇಲೆ ಉಪ್ಪು ಸುರಿಯಕ್ಕೆ ಡಿಗ್ರಿ ಬೇಕೇನಮ್ಮೀ?”

ನಗುವುದಕ್ಕಂತೂ ಡಿಗ್ರಿ ಬೇಡ. ಎಲ್ಲರೂ ನಕ್ಕರು.

ಅಮ್ಮನೂ ನಾನೂ ಜಿಪ್ಸಂ ಎರಚಿ ಮಣ್ಣಿಗೆ ಬೆರೆಸಿದೆವು. ಬದು ಕಟ್ಟಿ ಮಳೆ ನೀರು ನಿಲ್ಲಿಸಿ, ಜಿಪ್ಸಂ ಬಿಡಿಸಿದ ಉಪ್ಪು ಇಳಿದುಹೋಗಲೆಂದು ಕೆಳಗಿನ ಕಾಲುವೆಗೆ ಬಿಟ್ಟೆವು. ಹಾಗೆ ತೊಳೆಯದಿದ್ದರೆ ಜಿಪ್ಸಂ ಹಾಕಿಯೂ ದಂಡ. ಆಮೇಲೆ ಹಸಿರು ಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂ ಬರುವಾಗ ಉತ್ತು ಮಣ್ಣಿಗೆ ಸೇರಿಸಿ, ಕೊಳೆತ ತಿಪ್ಪೆ ಗೊಬ್ಬರ ಹಾಕಿದೆವು. ಬೀನ್ಸ್ ಬೀಜ ಊರುವ ಹಿಂದಿನ ಭಾನುವಾರ ದೊಡ್ಡಪ್ಪ ಒಂದು ಟ್ರಾಕ್ಟರ್ ಬಾಯ್ಲರ್ ಬೂದಿ ತಂದ.

“ಬೇಡ ದೊಡ್ಡಪ್ಪ. ಬೂದೀನೂ ಕ್ಷಾರಾನೇ. ಸೌಳು ಇನ್ನೂ ಜಾಸ್ತಿ ಆಯ್ತದೆ.”

“ನಿಮ್ಮಜ್ಜಿ ಬದನೆ ಗಿಡಕ್ಕೆ ದಿನಾ ಒಲೆ ಬೂದಿ ಹಾಕ್ತಿದ್ಳು. ಅವ್ಳು ಯಾವ್ ಕಾಲೇಜಿಗ್ ಹೋಗಿದ್ಳು?”

ಅಜ್ಜಿ ಹುಳಕ್ಕೆಂದು ಎಲೆಯ ಮೇಲೆ ಒಂದು ಹಿಡಿ ಎರಚುತ್ತಿದ್ದಳು. ಹಿಡಿಗೂ ಟ್ರಾಕ್ಟರಿಗೂ ವ್ಯತ್ಯಾಸ ಕಾಣದವನಿಗೆ ಏನು ಹೇಳುವುದು? ರಸ್ತೆ ಕಡೆಯ ನಾಲ್ಕು ಮಡಿಗಳ ಮೇಲೆ ಸುರಿಸಿದ. “ಇಷ್ಟು ಸಾಕು ಬಾವ, ನಿಮ್ ಟಮಾಟಕ್ಕೂ ಇರ್ಲಿ,” ಎಂದು ಅಮ್ಮ ತಡೆಯದಿದ್ದರೆ ಎಲ್ಲವನ್ನೂ ಮುಚ್ಚಿಬಿಡುತ್ತಿದ್ದ.

ಬೀನ್ಸ್ ಎದ್ದಿತು, ಬಳ್ಳಿ ಕೋಲು ಹತ್ತಿತು. ಬೂದಿ ಬಿದ್ದ ನಾಲ್ಕು ಮಡಿ ಮಾತ್ರ ಬೋಳು.

ಕಾಯಿ ಕೀಳುತ್ತಿದ್ದ ದಿನ ದೊಡ್ಡಪ್ಪ ಬೇರಿಕೆಯಿಂದ ಇಬ್ಬರು ರೈತರನ್ನು ಕರೆತಂದು, ಬೋಳು ಮಡಿಗಳಿಗೆ ಬೆನ್ನು ಹಾಕಿ ನಿಂತ.

“ಬಾಯ್ಲರ್ ಬೂದಿ ಕಣಣ್ಣ. ಒಂದೇ ಟ್ರಾಕ್ಟರು.”

ಅವರಲ್ಲೊಬ್ಬ ಬಗ್ಗಿ ನೋಡಿದ. “ನಿಮ್ ಹಿಂದಿನ್ ನಾಕು ಮಡಿ ಯಾಕ್ ಬೋಳು?”

“ಅದಾ? ಅದು ಈ ಹುಡ್ಗಿ ಪೌಡರ್ ಹಾಕಿದ್ ಜಾಗ.”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸಾಲಿನೊಳಗಿಂದ ಅಮ್ಮ ಕೇಳಿದಳು: “ಬಾವ, ನೀಲಗಿರಿ ಸಸಿ ಯಾವಾಗ ತರ್ತೀರಿ?”

“ನೀಲಗಿರಿನಾ? ಇಂಥಾ ನೆಲಕ್ಕಾ?” ದೊಡ್ಡಪ್ಪ ಬಂದವರ ಕಡೆ ನೋಡಿ ನಕ್ಕ. “ನಾನ್ ಸರಿ ಮಾಡಿದ್ ನೆಲ ಕಣಮ್ಮ ಇದು. ನೀನ್ ತರ್ಕಾರಿನೇ ಬೆಳ್ಕೊ.”

ಬೇರಿಕೆಯವರು ಹೊರಟಾಗ ರಸ್ತೆಯವರೆಗೆ ಹೋಗಿ ನಿಜ ಹೇಳಿದೆ. “ಆಯ್ತಮ್ಮೀ,” ಎಂದು ತಲೆಯಾಡಿಸಿದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ಬೂದಿ ಟ್ರಾಕ್ಟರ್ ತಮ್ಮೂರಿಗೂ ಬರುತ್ತದೆಯೇ ಎಂದು ಕೇಳಿದರು.

ವಾಪಸು ಬಂದು ಅಮ್ಮನಿಗೆ ಹೇಳಿದೆ.

“ನೀನ್ ಹೇಳ್ದಲ್ಲ, ಸಾಕು ಬಿಡು,” ಎಂದಳು. “ಬುಟ್ಟಿ ಹಿಡ್ಕೊ.”