ಬೀಡಿನ ಕಾವಲಿಗೆ ಹುಣಸೆಹುಳಿ

ಶಾರದೆಯ ಬೀಡುಕಬ್ಬಿಣದ ದೋಸೆ ಕಾವಲಿಯನ್ನು ಹಾಳುಮಾಡಿಸಿದವಳು ನಾನು. ಅಪವಾದ ಹೊತ್ತವಳು ಆಕೆಯ ಬಂಗಾಳಿ ಸೊಸೆ ಮೌಸುಮಿ. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ — ಮರೆತೆನೆಂದಲ್ಲ. ನಾನು ಏನನ್ನೂ ಮರೆಯುವವಳಲ್ಲ.

ಅದೇ ನನ್ನ ರೋಗ. ಬಾಲಿಗಂಜ್‌ನ ತನ್ನ ಮನೆಯ ಊಟದಲ್ಲಿ ಶಾರದೆ ನನ್ನನ್ನು ತೋರಿಸಿ, "ಇವಳ ದೋಸೆಯಾ? ಚಪ್ಪಲಿಗೆ ಅಟ್ಟೆ ಹಾಕಬಹುದು ಮಾರಾಯ್ರೆ," ಎಂದಿದ್ದಳು. ಯಾರು ಯಾರು ನಕ್ಕರೆಂಬುದು ಇಂದಿಗೂ ನನಗೆ ಗೊತ್ತು.

ಅದೇ ವರ್ಷದ ಚಳಿಗಾಲದಲ್ಲಿ, ಬಂಗಾಳದಲ್ಲಿ ನೆಲೆಸಿದ ನಮ್ಮ ಕನ್ನಡ ಸಂಘದವರು ಪುರುಲಿಯಾದ ಬೆಟ್ಟದಡಿ ಡೇರೆ ಹಾಕಿದೆವು. ಶಾರದೆ ತನ್ನ ತಾಯಿ ಪಳಗಿಸಿ ಕೊಟ್ಟಿದ್ದ ಕಾವಲಿಯನ್ನು ತಂದಿದ್ದಳು. ಕಟ್ಟಿಗೆಯ ಒಲೆಯ ಮೇಲೂ ದೋಸೆ ತಾನಾಗಿ ಎದ್ದು ಬರುತ್ತಿತ್ತು. ತೊಳೆಯುವ ಕೆಲಸ ಮೌಸುಮಿಯ ಪಾಲಿಗೆ ಬಂತು. ಬೀಡನ್ನು ಬಿಸಿನೀರಿನಲ್ಲಿ ಒರೆಸಿ, ಕೆಂಡದ ಮೇಲೆ ಒಣಗಿಸಿ, ಎಣ್ಣೆ ಸವರಿಡಬೇಕೆಂಬುದು ಅವಳಿಗೆ ತಿಳಿಯದು. ಮದುವೆಯಾದ ಹೊಸತು, ಅತ್ತೆಯ ಮನೆಯಲ್ಲಿ ಹಿತ್ತಾಳೆಯ ದೀಪವನ್ನು ಹುಣಸೆಹುಳಿ ಹಾಕಿ ತಿಕ್ಕುವುದನ್ನಷ್ಟೇ ಕಲಿತಿದ್ದಳು. ನನ್ನನ್ನು ಬಂಗಾಳಿಯಲ್ಲಿ ಚಿಕ್ಕಮ್ಮನೆಂದು ಕರೆದು, ಹೊಸದಾಗಿ ಕಲಿತ ಕನ್ನಡದಲ್ಲಿ ನನ್ನನ್ನೇ ಕೇಳಿದಳು: "ಮಾಶಿ, ಇದಕ್ಕೂ ಹುಣಸೆ ಹಾಕುವುದಾ?"

ಹುಳಿ ಆ ಕಪ್ಪು ಹೊಳಪನ್ನು ತಿಂದುಹಾಕುತ್ತದೆಂದು ನಾನು ಬಲ್ಲೆ. ಆದರೂ —

"ಹಾಕು. ಚೆನ್ನಾಗಿ ಉಜ್ಜು," ಎಂದೆ.

ಮರುದಿನ ಬೆಳಿಗ್ಗೆ, ಇಬ್ಬನಿಯಲ್ಲಿ ನೆನೆದ ಕಾವಲಿಯ ತುಂಬ ಕೆಂಪು ತುಕ್ಕು. ಶಾರದೆ ಎಲ್ಲರೆದುರು ಸೊಸೆಯನ್ನು ನಿಲ್ಲಿಸಿದಳು. "ಕನ್ನಡ ಬಂದರಾಯಿತಾ? ಕಾವಲಿಯ ಮರ್ಯಾದೆ ಗೊತ್ತಿರಬೇಕು. ಯಾರು ಹೇಳಿಕೊಟ್ಟರು ನಿಂಗೆ ಇದನ್ನು?"

ನಗು ಎದ್ದಿತು. ಮೌಸುಮಿ ನನ್ನ ಕಡೆ ನೋಡಿದಳು. ನಾನು ಚಹಾದ ಲೋಟದೊಳಗೆ ನೋಡಿದೆ.

"ಯಾರೂ ಇಲ್ಲ, ಮಾ," ಎಂದಳು. ಅವಳ ಬಾಯಿಂದ ನಾನು ಕೇಳಿದ ಕೊನೆಯ ಕನ್ನಡ ಅದು.

ಕಾವಲಿಗೇನಾಯಿತು? ತುಕ್ಕು ಉಜ್ಜಿ, ಎಣ್ಣೆ ಹಚ್ಚಿ ಕಾಯಿಸಿ ಕಾಯಿಸಿ ಶಾರದೆ ಅದನ್ನು ಮತ್ತೆ ಪಳಗಿಸಿದಳು. ಮೌಸುಮಿ ಮಾತ್ರ ಗಂಡನೊಡನೆ ಊರಿನ ಆಚೆ ತುದಿಯ ಡಮ್ ಡಮ್‌ಗೆ ಹೋದವಳು ನಮ್ಮ ಯಾವ ಕೂಟಕ್ಕೂ ಬರಲಿಲ್ಲ. ಅತ್ತೆಯೊಡನೆ ಈಗ ಹಿಂದಿಯಲ್ಲೇ ಮಾತಂತೆ — ಅದೂ ಫೋನಿನಲ್ಲಿ, ಹಬ್ಬಕ್ಕೊಮ್ಮೆ.

ನನ್ನ ಯಜಮಾನರು ಹೋದ ಮೇಲೆ ಸದರ್ನ್ ಅವೆನ್ಯೂವಿನ ಈ ಮನೆಯಲ್ಲಿ ಕನ್ನಡ ಕೇಳಿಸುವುದು ನಾನು ನನ್ನೊಡನೆಯೇ ಮಾತಾಡಿಕೊಂಡಾಗ. ಹುಡುಕಿ ಹುಡುಕಿ ಕನ್ನಡದ ಶಬ್ದ ಜೋಡಿಸಿ ನನ್ನನ್ನು ನಂಬಿ ಕೇಳಿದವಳೊಬ್ಬಳಿದ್ದಳು, ಅವಳ ನಾಲಿಗೆಯಿಂದ ನಾನು ಆ ಕನ್ನಡವನ್ನೇ —

ಮೌಸುಮಿಗೆ ಕನ್ನಡ ಓದಲು ಬಾರದು. ಆದ್ದರಿಂದ ಸಂಘದ ಪತ್ರಿಕೆಯ ಈ ಬರಹ ಅವಳಿಗಲ್ಲ. ಅಂದು ನಕ್ಕ ನಿಮಗೆ, ಮತ್ತು ಶಾರದೆಗೆ. ಮೌಸುಮಿಗೆ ಹೇಳಲು ನಾನೇ ಡಮ್ ಡಮ್‌ಗೆ ಹೋಗುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ಅವಳ ಇಷ್ಟ.